ಮೂರನೇ ಮೋಡೆಮ್

ಆ ಲ್ಯಾಬಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಕಂಪ್ಯೂಟರು ಕೆಟ್ಟರೂ ತಂತಿಯಕ್ಕ, ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ ತಂತಿಯಕ್ಕ, ಕೊನೆಗೆ ಫ್ಯಾನು ಕಿರುಗುಟ್ಟಿದರೂ ತಂತಿಯಕ್ಕ. ಯಾವ ಹೊತ್ತಿಗೂ ಸೊಂಟದ ಚೀಲದಲ್ಲಿ ಸ್ಕ್ರೂಡ್ರೈವರು, ಇಕ್ಕಳ, ಅರ್ಧ ಸುರುಳಿ ತಂತಿ ಇರುತ್ತಿದ್ದರಿಂದ ಆ ಹೆಸರು ಅವಳಿಗೂ ಒಗ್ಗಿಹೋಗಿತ್ತು.

ಸುತ್ತಲಿನ ಏಳು ಸಣ್ಣ ಆಸ್ಪತ್ರೆಗಳಿಂದ ದಿನಾ ಬೆಳಿಗ್ಗೆ ವ್ಯಾನಿನಲ್ಲಿ ರಕ್ತದ ಸೀಸೆಗಳು ಬರುತ್ತಿದ್ದವು. ಪರೀಕ್ಷೆಯಾದ ಮೇಲೆ ರಿಪೋರ್ಟು ಫೋನಿನ ತಂತಿಯ ಮೂಲಕ ಆಯಾ ಆಸ್ಪತ್ರೆಯ ಪ್ರಿಂಟರಿಗೆ ಹೋಗಬೇಕು. ಹಾಗೆ ಕಳಿಸುವ ಮೋಡೆಮ್ ಇಡೀ ಆಫೀಸಿಗೆ ಒಂದೇ ಇತ್ತು. ಅದು ಮೂಲೆಯ ಕಂಪ್ಯೂಟರಿಗೆ ಅಂಟಿಕೊಂಡಿತ್ತು. ಹನ್ನೊಂದು ಗಂಟೆಯಾಯಿತೆಂದರೆ ಫ್ಲಾಪಿ ಹಿಡಿದವರ ಸಾಲು ಬಾಗಿಲ ತನಕ ಬೆಳೆಯುತ್ತಿತ್ತು. 'ನಂದು ಅರ್ಜೆಂಟು', 'ನಿಂದೊಂದೇ ಅರ್ಜೆಂಟಾ?' ಎಂಬ ಜಗಳ ನಿತ್ಯದ್ದು. ಬೇಸತ್ತ ದೊಡ್ಡ ಡಾಕ್ಟರು ಇನ್ನೂ ಮೂರು ಮೋಡೆಮ್ ತರಿಸಿದರು. ನಾಲ್ಕನ್ನೂ ಒಂದೇ ಸರ್ವರಿಗೆ ಜೋಡಿಸಿ, ಆರು ಮೇಜಿನವರಲ್ಲಿ ಯಾರು ಕೇಳಿದರೂ ಬಿಡುವಾಗಿರುವುದು ಸಿಗುವಂತೆ ಮಾಡು ಎಂದು ತಂತಿಯಕ್ಕನಿಗೆ ಹೇಳಿದರು. ಬೇಗ ಹೋಗಲಿ ಎಂದು ರಿಪೋರ್ಟಿನಲ್ಲಿದ್ದ ಹೆಸರು, ವಿಳಾಸವನ್ನೂ ತೆಗೆಸಿದರು. ಬರೀ ನಂಬರು, ಅದರ ಮುಂದೆ ಫಲಿತಾಂಶ.

ಸೋಮವಾರದೊಳಗೆ ಮುಗಿಯಬೇಕಿತ್ತು. ಮೂರು ದಿನ ಅವಳು ಮೇಜುಗಳ ಕೆಳಗೇ ಬದುಕಿದಳು. ಕೊನೆಗೆ ಒಂದು ಕೇಬಲ್ ಕಮ್ಮಿ ಬಿತ್ತು. ಅಂಗಡಿಯವನು ಗುರುವಾರ ಬರುತ್ತದೆಂದ. ಬೀರುವಿನ ತಳದಲ್ಲಿ ಯಾವುದೋ ಹಳೇ ಯಂತ್ರದ ಕೇಬಲ್ ಸಿಕ್ಕಿತು. ಅದರೊಳಗೆ ಎಲ್ಲ ಎಳೆಗಳೂ ಇಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ ಮೂರನೇ ಮೋಡೆಮಿಗೆ ಸಿಕ್ಕಿಸಿ ಕಳಿಸಿ ನೋಡಿದಳು, ಹೋಯಿತು. ಇನ್ನೊಮ್ಮೆ ನೋಡಿದಳು, ಆಗಲೂ ಹೋಯಿತು. ಗುರುವಾರ ಬದಲಾಯಿಸಿದರಾಯಿತು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ಮನಸ್ಸು ಮಾತ್ರ ಪೂರ್ತಿ ಒಪ್ಪಲಿಲ್ಲ.

ಸೋಮವಾರ ಬೆಳಿಗ್ಗೆ ಸ್ವಿಚ್‌ಬೋರ್ಡಿನ ಆಪರೇಟರಮ್ಮ ಮುಖ ಊದಿಸಿಕೊಂಡು ಕೂತಿದ್ದರು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಹೆಂಗಸು. ಇದ್ದ ನಾಲ್ಕೂ ಲೈನು ಹತ್ತರಿಂದ ಒಂದರವರೆಗೆ ಮೋಡೆಮಿಗೇ ಹೋಗುತ್ತವೆಂದು ಕೇಳಿ ಅವರಿಗೆ ಮೈಯುರಿದಿತ್ತು.

"ಒಂದಾದ್ರೂ ಲೈನು ಮನುಷ್ಯರಿಗೆ ಬಿಡಮ್ಮ. ಯಾರಾದ್ರೂ ಫೋನ್ ಮಾಡಿದ್ರೆ ನಾನೇನು ಕಿಟಕಿಯಿಂದ ಕೂಗಿ ಹೇಳ್ಲಾ?"

"ಮೂರು ಗಂಟೆ ಹೊತ್ತು ತಾನೇ ಆಪರೇಟರಮ್ಮ, ಸ್ವಲ್ಪ ಸುಧಾರಿಸಿಕೊಳ್ಳಿ."

ಹತ್ತಕ್ಕೆ ಕೆಲಸ ಶುರುವಾಯಿತು. ಸಾಲಿಲ್ಲ, ಜಗಳವಿಲ್ಲ. ಕೂತಲ್ಲೇ ಗುಂಡಿ ಒತ್ತಿದರೆ ರಿಪೋರ್ಟು ಹೋಗುತ್ತಿತ್ತು. ದೊಡ್ಡ ಡಾಕ್ಟರು ಒಮ್ಮೆ ಬಂದು ನೋಡಿ, ಕೈ ಹಿಂದೆ ಕಟ್ಟಿಕೊಂಡು, ತಲೆದೂಗಿ ಹೋದರು. ಅವರ ಮಟ್ಟಿಗೆ ಅದು ಹೂಮಾಲೆ ಹಾಕಿದಂತೆ. ತಂತಿಯಕ್ಕ ಮಾತ್ರ ಸರ್ವರಿನ ಮುಂದೆ ನಿಂತು, ಮೋಡೆಮುಗಳ ಕೆಂಪು ದೀಪಗಳನ್ನು ಎವೆಯಿಕ್ಕದೆ ನೋಡುತ್ತಿದ್ದಳು.

ಎರಡನೇ ಮೇಜಿನಲ್ಲಿ ಟೈಪಿಸ್ಟು ಕೂರುತ್ತಿದ್ದ. ಬೆರಳಿನ ವೇಗಕ್ಕೆ ಅವನಿಗೆ ಎಕ್ಸ್‌ಪ್ರೆಸ್ ಎಂದು ಹೆಸರು. ಹನ್ನೊಂದೂವರೆಗೆ ಅವನು ಕುರ್ಚಿ ತಿರುಗಿಸಿ ದೊಡ್ಡದಾಗಿ ಹೇಳಿದ.

"ಅಕ್ಕಾ, ನಿಮ್ಮ ಕೈಗೆ ಬಂಗಾರದ ಬಳೆ ತೊಡಿಸಬೇಕು! ಮುಂಚೆ ಅದು ಕೀರಲು ದನಿಯಲ್ಲಿ ಅತ್ತೂ ಕರೆದೂ ಸೇರ್ಕೊಳ್ಳೋಕೆ ಅರ್ಧ ನಿಮಿಷ ಬೇಕಿತ್ತು. ಈಗ ಹೊಳೆಯಾಚೆ ಆಸ್ಪತ್ರೆಗೆ ಕಳಿಸಿದ್ನಲ್ಲ, ಒತ್ತೋದೇ ತಡ, ಸೇರ್ಕೊಂಡ್ಬಿಡ್ತು!"

ಎಲ್ಲರೂ ನಕ್ಕರು. ತಂತಿಯಕ್ಕ ಕೀಲಿಮಣೆಗೆ ಕೈ ಹಾಕಿದಳು.

ಯಾವ ಮೋಡೆಮೂ ಒತ್ತಿದ ತಕ್ಷಣ ಸೇರುವುದಿಲ್ಲ. ನಂಬರು ತಿರುಗಬೇಕು, ಆ ಕಡೆ ರಿಂಗಾಗಬೇಕು, ಎರಡು ಪೆಟ್ಟಿಗೆಗಳೂ ಒಂದಿಷ್ಟು ಕಿರುಚಿಕೊಳ್ಳಬೇಕು. ತಕ್ಷಣ ಸೇರಿತೆಂದರೆ ಅರ್ಥ ಒಂದೇ, ಅದು ಮೊದಲೇ ಯಾರಿಗೋ ಸೇರಿಕೊಂಡಿತ್ತು.

ಸರ್ವರಿನ ದಾಖಲೆ ತೆರೆದಳು. ಹನ್ನೊಂದು ಇಪ್ಪತ್ತಕ್ಕೆ ಐದನೇ ಮೇಜಿನವರು ಮೂರನೇ ಮೋಡೆಮಿನಲ್ಲಿ ಗುಡ್ಡದ ಆಸ್ಪತ್ರೆಗೆ ಮೊದಲ ಕಂತಿನ ರಿಪೋರ್ಟು ಕಳಿಸಿ ಮುಗಿಸಿದ್ದರು. ಹನ್ನೊಂದು ಇಪ್ಪತ್ತನಾಲ್ಕಕ್ಕೆ ಎಕ್ಸ್‌ಪ್ರೆಸ್ ಅದೇ ಮೋಡೆಮನ್ನು ತೆಗೆದುಕೊಂಡಿದ್ದ. 'ಲೈನು ಬಿಡು' ಎಂದು ಮೋಡೆಮಿಗೆ ಹೇಳುವ ಎಳೆಯೇ ಆ ಹಳೇ ಕೇಬಲಿನಲ್ಲಿರಲಿಲ್ಲ. ಅವಳು ಪರೀಕ್ಷೆ ಮಾಡಿದಾಗ ಆ ಕಡೆಯವರೇ ಮೊದಲು ಲೈನು ಬಿಟ್ಟಿದ್ದರಿಂದ ಇದು ಕಣ್ಣಿಗೆ ಬಿದ್ದಿರಲಿಲ್ಲ. ಈಗ ಹೊಳೆಯಾಚೆಯ ರಿಪೋರ್ಟು ಗುಡ್ಡದ ಆಸ್ಪತ್ರೆಯ ಪ್ರಿಂಟರಿನಲ್ಲಿ ಅಚ್ಚಾಗಿತ್ತು.

"ಎಕ್ಸ್‌ಪ್ರೆಸ್, ಆ ರಿಪೋರ್ಟಲ್ಲಿ ಏನಿತ್ತು?"

"ಒಂದೇ ಒಂದು ಅಕ್ಕಾ, ಅರ್ಜೆಂಟು ಅಂದಿದ್ರು. ಹದಿನೇಳನೇ ನಂಬರು, ಸಕ್ಕರೆ ನಾನೂರ ಹನ್ನೆರಡು. ಯಾಕೆ?"

ಪ್ರತಿ ಆಸ್ಪತ್ರೆಯೂ ದಿನಾ ಒಂದರಿಂದಲೇ ನಂಬರು ಹಾಕುತ್ತಿತ್ತು. ಗುಡ್ಡದ ಆಸ್ಪತ್ರೆಯಲ್ಲೂ ಒಬ್ಬ ಹದಿನೇಳು ಇದ್ದ. ಅವನ ಸಕ್ಕರೆ ನೂರ ಎಂಟು ಎಂದು ಇನ್ನೂ ಕಳಿಸದ ಪಟ್ಟಿಯಲ್ಲಿತ್ತು. ನಾನೂರ ಹನ್ನೆರಡು ಎಂದು ಓದಿದವರು ಸುಮ್ಮನೆ ಕೂರುತ್ತಾರೆಯೇ? ಇನ್ಸುಲಿನ್ ಚುಚ್ಚುತ್ತಾರೆ. ಅವಳ ಅತ್ತೆ ದಿನಾ ಅದೇ ಚುಚ್ಚಿಕೊಳ್ಳುವವರು. ಒಂದು ದಿನ ಚುಚ್ಚಿಕೊಂಡು ಊಟ ಮರೆತು, ಬಟ್ಟೆ ಒಣಹಾಕುತ್ತ ಹಾಗೇ ಕುಸಿದಿದ್ದರು. ಬೆವರಿನಲ್ಲಿ ತೊಯ್ದ ಮೈ, ಸೊಸೆಯ ಗುರುತೇ ಸಿಗದ ಆ ಕಣ್ಣು ಅವಳ ಮುಂದೆ ಬಂದು ನಿಂತವು.

ಮೂರನೇ ಮೋಡೆಮಿನ ತಂತಿ ಕಿತ್ತು ತನ್ನ ಚೀಲದಲ್ಲಿದ್ದ, ಲೈನು ಪರೀಕ್ಷಿಸುವ ಸಣ್ಣ ಫೋನಿಗೆ ಸಿಕ್ಕಿಸಿದಳು. ಗುಡ್ಡದ ಆಸ್ಪತ್ರೆಯಲ್ಲಿದ್ದದ್ದು ಒಂದೇ ಲೈನು. ರಿಂಗಾಯಿತು, ಎತ್ತಿದ ಸದ್ದೂ ಆಯಿತು. ಆದರೆ ಕಿವಿಗೆ ಬಂದದ್ದು ಮನುಷ್ಯರ ದನಿಯಲ್ಲ, ಕೀ ಎಂಬ ಕೀರಲು. ಅಲ್ಲಿನ ಮೋಡೆಮ್ ತಾನೇ ಫೋನೆತ್ತಿ ಕಿರುಚುತ್ತಿತ್ತು. ಇನ್ನೊಮ್ಮೆ ಮಾಡಿದಳು. ಅದೇ ಕಿರುಚಾಟ. ಮಧ್ಯಾಹ್ನದವರೆಗೆ ಹಾಗೇ ಇರಲೆಂದು ಅವರಿಗೆ ಹೇಳಿಕೊಟ್ಟವಳೂ ತಾನೇ.

"ಮನುಷ್ಯರು ಎತ್ತದಿದ್ರೆ ಬೇಡ," ಎಂದು ಗೊಣಗಿಕೊಂಡು ಸರ್ವರಿಗೆ ಓಡಿದಳು. ನಾಲ್ಕನೇ ಮೋಡೆಮ್ ಬಿಡುವಾಗಿತ್ತು. ಅದರಿಂದ ಗುಡ್ಡದ ಆಸ್ಪತ್ರೆಗೆ ನಂಬರು ತಿರುಗಿಸಿದಳು. ಅರ್ಧ ನಿಮಿಷ. ಸೇರಿದ ಕೂಡಲೇ ದೊಡ್ಡಕ್ಷರದಲ್ಲಿ ಬಡಿದಳು: 'ನಿಲ್ಲಿಸಿ. ಹದಿನೇಳನೇ ರಿಪೋರ್ಟು ನಿಮ್ಮದಲ್ಲ. ಇಂಜೆಕ್ಷನ್ ಕೊಡಬೇಡಿ. ತಕ್ಷಣ ಫೋನ್ ಮಾಡಿ.' ಆದರೆ ಪ್ರಿಂಟರಿನ ಮುಂದೆ ಯಾರೂ ಇಲ್ಲದಿದ್ದರೆ? ಆ ಪ್ರಿಂಟರುಗಳಿಗೆ ಗಂಟೆ ಬಾರಿಸುವ ಒಂದು ಸಂಕೇತವಿತ್ತು. ಕಾಗದ ಮುಗಿದಾಗ ಬರುವ ಕೀಂಕ್ ಸದ್ದು ಅದೇ. ಆ ಸಂಕೇತವನ್ನು ಇಡೀ ಒಂದು ಪುಟ ತುಂಬಿಸಿ ಕಳಿಸಿದಳು. ಮತ್ತೆ ಸಂದೇಶ, ಮತ್ತೆ ಒಂದು ಪುಟ ಗಂಟೆ.

ಕಳಿಸಿ, ಲೈನು ಬಿಟ್ಟು, ಒಂದನೇ ಮೋಡೆಮಿನ ತಂತಿಗೆ ಕೈ ಹಾಕಿದಳು. ಆಸ್ಪತ್ರೆಯವರಿಗೆ ಗೊತ್ತಿದ್ದ ನಂಬರು ಆ ಲೈನಿನದೇ.

"ಅಕ್ಕಾ, ನಂದು ಅರ್ಧ ಹೋಗಿದೆ! ಕೀಳಬೇಡಿ!" ಎಂದು ಎಕ್ಸ್‌ಪ್ರೆಸ್ ಕೂಗಿದ.

ಕಿತ್ತಳು. "ಆಪರೇಟರಮ್ಮ, ನಿಮ್ಮ ಲೈನು ತಗೊಳ್ಳಿ. ಗುಡ್ಡದ ಆಸ್ಪತ್ರೆ ಫೋನ್ ಬರುತ್ತೆ. ಬರಲೇಬೇಕು."

ಆಪರೇಟರಮ್ಮ ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು. ಹೆಡ್‌ಫೋನು ಏರಿಸಿಕೊಂಡು ಬೋರ್ಡಿನ ಮೇಲೆ ಬಾಗಿದರು. ತಂತಿಯಕ್ಕ ದೊಡ್ಡ ಡಾಕ್ಟರ ಕೋಣೆಗೆ ಹೋಗಿ, ಬಾಗಿಲಲ್ಲೇ ನಿಂತು, ಒಂದೇ ಉಸಿರಿಗೆ ಎಲ್ಲ ಹೇಳಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಅವಳ ಹಿಂದೆಯೇ ಬಂದರು.

ಎರಡು ನಿಮಿಷಕ್ಕೆ ಫೋನು ಬಂತು. ಗುಡ್ಡದ ಆಸ್ಪತ್ರೆಯ ಹೆಡ್ ನರ್ಸ್.

"ಏನ್ರೀ ಇದು, ಪ್ರಿಂಟರು ದೆವ್ವ ಹಿಡಿದ ಹಾಗೆ ಬಡ್ಕೊಳ್ತಾ ಇದೆ!"

"ಹದಿನೇಳನೇ ಪೇಷಂಟಿಗೆ ಇಂಜೆಕ್ಷನ್ ಕೊಟ್ರಾ ಸಿಸ್ಟರ್?" ತಂತಿಯಕ್ಕ ಕೇಳಿದಳು.

"ಕೊಟ್ಟು ಎಂಟು ನಿಮಿಷ ಆಯ್ತು."

ದೊಡ್ಡ ಡಾಕ್ಟರು ಫೋನನ್ನು ಅವಳ ಕೈಯಿಂದ ತೆಗೆದುಕೊಂಡರು. "ಸಿಸ್ಟರ್, ನಾನು. ಆ ರಿಪೋರ್ಟು ಬೇರೆಯವರದು. ಪೇಷಂಟ್ ಎಚ್ಚರವಾಗಿದಾರಾ? ಸರಿ, ಈಗಲೇ ಸಕ್ಕರೆ ನೀರು ಕುಡಿಸಿ. ನಿಮ್ಮ ಡಾಕ್ಟರನ್ನ ಕರೆದು ಗ್ಲುಕೋಸ್ ಡ್ರಿಪ್ ಹಾಕಿಸಿ. ಕಾಲು ಗಂಟೆಗೊಂದು ಸಲ ಸಕ್ಕರೆ ನೋಡಿ."

"ಸಕ್ಕರೆ ನೋಡೋ ಮಷೀನು ನಮ್ಮಲ್ಲಿದ್ದಿದ್ರೆ ನಿಮಗ್ಯಾಕೆ ಕಳಿಸ್ತಿದ್ವಿ ಡಾಕ್ಟ್ರೇ?"

ಡಾಕ್ಟರು ಕಣ್ಣು ಮುಚ್ಚಿ ತೆರೆದರು. "ಹಾಗಾದ್ರೆ ಬೆವರು ನೋಡಿ, ನಾಡಿ ನೋಡಿ, ಬಿಡದೆ ಮಾತಾಡಿಸ್ತಾ ಇರಿ. ಕಾಲು ಗಂಟೆಗೊಂದು ಸಲ ನಮಗೆ ತಿಳಿಸಿ."

ಅಷ್ಟರಲ್ಲಿ ಆಪರೇಟರಮ್ಮ ಮೂರನೇ ಲೈನಿನಿಂದ ಹೊಳೆಯಾಚೆ ಆಸ್ಪತ್ರೆಯನ್ನು ಹಿಡಿದಿದ್ದರು; ಅಲ್ಲಿ ಮಾತಿಗೆಂದೇ ಇನ್ನೊಂದು ಲೈನಿತ್ತು. ನಾನೂರ ಹನ್ನೆರಡರ ನಿಜವಾದ ಒಡತಿ ಅಲ್ಲಿ ಬೆಂಚಿನ ಮೇಲೆ ಕೂತು ಕಾಯುತ್ತಿದ್ದಳು. ಅವಳ ರಿಪೋರ್ಟನ್ನು ಬಾಯಲ್ಲೇ ಹೇಳಿ, ಬರೆಸಿ, ತಿರುಗಿ ಓದಿಸಿ ಕೇಳಿದರು.

ಆಮೇಲೆ ಕಾಯುವುದಷ್ಟೇ ಉಳಿಯಿತು. ಊಟದ ಡಬ್ಬಿಗಳು ತೆರೆಯಲಿಲ್ಲ. ಹನ್ನೆರಡೂ ಕಾಲಿಗೆ ನರ್ಸ್ ಹೇಳಿದರು: ಬೆವರುತ್ತಿದ್ದಾರೆ, ಕೈ ನಡುಗುತ್ತಿದೆ. ಹನ್ನೆರಡೂವರೆಗೆ: ಡ್ರಿಪ್ ಹೋಗುತ್ತಿದೆ, ಮಗನ ಹೆಸರು ಕೇಳಿದರೆ ಅಣ್ಣನ ಹೆಸರು ಹೇಳುತ್ತಿದ್ದಾರೆ. ತಂತಿಯಕ್ಕ ಗೋಡೆಗೆ ಒರಗಿ ನೆಲದ ಮೇಲೆ ಕುಕ್ಕುರುಗಾಲಿನಲ್ಲಿ ಕೂತಳು. ಕೈಯಲ್ಲಿ ಆ ಹಳೇ ಕೇಬಲಿತ್ತು. ಯಾವಾಗ ಬಿಚ್ಚಿದಳೋ ಅವಳಿಗೇ ನೆನಪಿಲ್ಲ.

ಮುಕ್ಕಾಲಿಗೆ ಬರಬೇಕಿದ್ದ ಫೋನು ಬರಲಿಲ್ಲ. ಮುಳ್ಳು ಐವತ್ತಕ್ಕೆ ಬಂತು, ಐವತ್ತೈದಕ್ಕೆ ಬಂತು. ನಾವೇ ಮಾಡೋಣವೆಂದರೆ, ಅವರು ಅದೇ ಹೊತ್ತಿಗೆ ಮಾಡುತ್ತಿದ್ದರೆ ಎಂಬ ಭಯ. ಎಕ್ಸ್‌ಪ್ರೆಸ್ ಕೂಡ ಬೆರಳುಗಳನ್ನು ಮಡಿಸಿ ಕೂತಿದ್ದ.

"ಈ ಕೇಬಲಲ್ಲಿ ಎಳೆ ಕಮ್ಮಿ ಅಂತ ಗೊತ್ತಿತ್ತಾ?" ದೊಡ್ಡ ಡಾಕ್ಟರು ಮೆಲ್ಲಗೆ ಕೇಳಿದರು.

"ಗೊತ್ತಿತ್ತು ಸರ್. ಇದರಿಂದ ಹೀಗಾಗುತ್ತೆ ಅಂತ ಗೊತ್ತಿರಲಿಲ್ಲ. ಆದ್ರೆ ಹಾಕಬಾರದಾಗಿತ್ತು."

ಅವರು ಅವಳ ಕೈಯಿಂದ ಕೇಬಲನ್ನು ತೆಗೆದುಕೊಂಡು ತಿರುವಿ ನೋಡಿದರು. "ಹೆಸರು ತೆಗಿ ಅಂದವನು ನಾನು," ಎಂದರು ಕೊನೆಗೆ. "ಹೆಸರಿದ್ದಿದ್ರೆ ಆ ಸಿಸ್ಟರು ಓದಿದ ಕೂಡಲೇ ಪಕ್ಕಕ್ಕಿಡ್ತಿದ್ರು."

ಒಂದು ಗಂಟೆ ಐದು ನಿಮಿಷಕ್ಕೆ ಬೋರ್ಡಿನ ದೀಪ ಹೊತ್ತಿತು. ಆಪರೇಟರಮ್ಮ ಕೇಳಿಸಿಕೊಂಡು, ಕಣ್ಣೊರೆಸಿಕೊಂಡು ಹೇಳಿದರು: "ಹಸಿವು ಅಂತಿದಾರಂತೆ. ಮಗನ ಹೆಸರನ್ನೂ ಸರಿಯಾಗಿ ಹೇಳಿದ್ರಂತೆ. ನಾಳೆ ಬೆಳಿಗ್ಗೆ ತನಕ ಅಲ್ಲೇ ಇಟ್ಕೊಂಡು ನೋಡ್ತಾರಂತೆ."

ತಂತಿಯಕ್ಕ ಎದ್ದು ಬಚ್ಚಲಿಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟು ಅತ್ತಳು.

ಮರುದಿನ ಬೆಳಿಗ್ಗೆ ಅವಳು ಬಸ್ಸು ಹಿಡಿದು ಗುಡ್ಡದ ಆಸ್ಪತ್ರೆಗೆ ಹೋದಳು. ಹೋಗೆಂದು ಯಾರೂ ಹೇಳಿರಲಿಲ್ಲ. ಹದಿನೇಳನೆಯವರು ಗಡಿಯಾರ ರಿಪೇರಿ ಮಾಡುತ್ತಿದ್ದ ಮುದುಕರು. ಕಾಲಿನ ಗಾಯಕ್ಕೆ ಕಟ್ಟು ಹಾಕಿಸಿಕೊಂಡು, ಮನೆಗೆ ಹೊರಡಲು ಮಂಚದ ಅಂಚಿನಲ್ಲಿ ಕೂತಿದ್ದರು. ಹೆಂಡತಿ ಬಟ್ಟೆ ಮಡಿಚುತ್ತಿದ್ದರು. ತಪ್ಪು ತನ್ನದೆಂದು ಅವಳು ನಿಂತೇ ಹೇಳಿದಳು, ಹಳೇ ಸಾಲಿನ ಜಗಳದಿಂದ ಹಿಡಿದು ಎಳೆ ಕಡಿಮೆಯಿದ್ದ ಕೇಬಲಿನ ತನಕ ಏನನ್ನೂ ಬಿಡದೆ.

ಮುದುಕರು ಆಸಕ್ತಿಯಿಂದ ಕೇಳಿದರು. "ನಾನೂ ಒಂದ್ಸಲ ಯಾರದೋ ಗಡಿಯಾರದ ಸ್ಪ್ರಿಂಗು ಇನ್ನ್ಯಾರದಕ್ಕೋ ಹಾಕಿದ್ದೆ ತಾಯಿ. ಎರಡೂ ನಿಂತೋದ್ವು," ಎಂದು ನಕ್ಕರು.

"ನಿಮಗೆ ನಗು," ಎಂದರು ಹೆಂಡತಿ, ತಲೆಯೆತ್ತದೆ. "ನನ್ನ ಮುಖ ನೋಡಿ 'ಯಾರಮ್ಮ ನೀನು' ಅಂದ್ರಲ್ಲ, ಅದನ್ನ ಕೇಳಿದ್ದು ನಾನು." ಆಮೇಲೆ ತಂತಿಯಕ್ಕನತ್ತ ತಿರುಗಿದರು. "ಈಗ ಸರಿ ಮಾಡಿದೀರಾ?"

"ಮಾಡಿದೀನಮ್ಮ. ಆ ಮೋಡೆಮ್ ತೆಗೆದಿಟ್ಟಿದೀವಿ. ಹೊಸ ಕೇಬಲ್ ಬರೋ ತನಕ ಮೂರೇ. ಉಳಿದ ಒಂದು ಲೈನು ಫೋನಿಗೇ ಬಿಟ್ಟಿದೀವಿ. ಹೆಸರಿಲ್ಲದೆ ಯಾವ ರಿಪೋರ್ಟೂ ಹೊರಡೋ ಹಾಗಿಲ್ಲ."

"ಸಾಲು ನಿಲ್ಲಬೇಕಾಗುತ್ತೇನೋ ಮತ್ತೆ?"

"ಸ್ವಲ್ಪ ನಿಲ್ಲಬೇಕಾಗುತ್ತೆ."

"ನಿಲ್ಲಲಿ," ಎಂದರು ಆಕೆ. ಕುರ್ಚಿಯ ಮೇಲಿದ್ದ ಬಟ್ಟೆಯ ಗಂಟನ್ನು ಎತ್ತಿ ಮಂಚದ ಮೇಲಿಟ್ಟು, ಆ ಕುರ್ಚಿಯನ್ನು ತಂತಿಯಕ್ಕನ ಕಡೆಗೆ ತಳ್ಳಿದರು.