ಇಂದುವಿಗೆ ಬೇರೆ ಮೈಕು

ಶಿವಪ್ರಕಾಶರ ಮನೆಯ ಮಹಡಿಯಲ್ಲಿ ರೇಡಿಯೊ ಒಂದೇ, ಮೈಕು ಎರಡು. ಮೇಜಿನ ಮೇಲೆ ಕತ್ತೆತ್ತಿ ನಿಂತ ಬೆಳ್ಳಿ ಬಣ್ಣದ್ದು ಅವರದ್ದು. ಅವರು ಅಧ್ಯಕ್ಷರಾಗಿರುವ ಅರಸೀಕೆರೆಯ ಹವ್ಯಾಸಿ ರೇಡಿಯೊ ಕೂಟದ, ಅಂದರೆ ಹ್ಯಾಮ್ ಕ್ಲಬ್ಬಿನ, ಜನರೆಲ್ಲ ಅದರಲ್ಲೇ ಮಾತಾಡುತ್ತಾರೆ. ಕಿಟಕಿಯ ಮೊಳೆಗೆ ನೇತುಹಾಕಿದ ಕರಿ ಕೈಮೈಕು ಇಂದುವಿಗೆ ಮಾತ್ರ.

"ಹೆಂಗಸ್ರ ದನಿಗೆ ಇದೇ ಸರಿ ಕಣಮ್ಮ" ಎಂದು ಮೊದಲ ದಿನ ನಗುನಗುತ್ತಾ ಕೊಟ್ಟಿದ್ದರು. ಇಂದು ನಂಬಿದಳು. ಮರುವಾರ ಗಂಡಸಿ ಊರಿನಿಂದ ಹೇಮಾಶ್ರೀ ಬಂದಳು. ತೆಂಗಿನ ತೋಟದವರ ಮನೆ ಹುಡುಗಿ, ಶಿವಪ್ರಕಾಶರ ಜಾತಿಯವಳೇ. ಅವಳನ್ನು ಸೀದಾ ಬೆಳ್ಳಿ ಮೈಕಿನ ಮುಂದೆ ಕೂರಿಸಿದರು. ಅವಳದೇನು ಗಂಡಸಿನ ದನಿಯೇ? ಹನುಮಯ್ಯನ ಮಗಳು ಇಂದುವಿಗೆ ಅಷ್ಟು ತಿಳಿಯದೆ ಹೋಗಲಿಲ್ಲ. ಮೈಕೆಂದರೆ ಬಾಯಿ ತಾಗುವ, ಎಂಜಲು ಹಾರುವ ವಸ್ತು. ಊರಿನವರು ಅವಳ ಅಜ್ಜಿ ದ್ಯಾವಮ್ಮನಿಗೆಂದು ಸೂರಿನಡಿ ಸಿಕ್ಕಿಸಿಡುತ್ತಿದ್ದ ಬೇರೆ ಲೋಟ ಈಗ ಮೊಳೆಗೆ ನೇತಾಡುತ್ತಿತ್ತು, ಅಷ್ಟೇ.

ಮೈಯೆಲ್ಲ ಉರಿಯಿತು. ಆದರೂ ಬಿಟ್ಟು ಹೋಗಲಿಲ್ಲ. ಪರೀಕ್ಷೆ ಬರೆದು, ತಿಂಗಳುಗಟ್ಟಲೆ ಕಾದು ಪಡೆದ ಲೈಸೆನ್ಸು ಅವಳದು, ಸುತ್ತಮುತ್ತ ಇರುವ ದೊಡ್ಡ ರೇಡಿಯೊ ಸೆಟ್ಟು ಇದೊಂದೇ. ಅವಳೇಕೆ ಬಿಡಬೇಕು?

ಕಷ್ಟವೆಂದರೆ, ಅವಳು ಮಾತಾಡಿದ್ದು ಆಚೆ ಯಾರಿಗೂ ತಿಳಿಯುತ್ತಿರಲಿಲ್ಲ. "ನಿನ್ ಗಂಟ್ಲೇ ಸರಿಯಿಲ್ಲ, ನಾನೇನ್ಮಾಡ್ಲಿ?" ಎನ್ನುತ್ತಿದ್ದರು ಶಿವಪ್ರಕಾಶ್. ಹಳೇಬೀಡಿನ ಶಾಲೆಯಲ್ಲಿ ಮೈದಾನದ ಆ ತುದಿಯ ಮಕ್ಕಳನ್ನು ಒಂದೇ ಕೂಗಿಗೆ ನಿಲ್ಲಿಸುವ ಇಂದು ಮೇಡಂ ತನ್ನ ಗಂಟಲನ್ನೇ ಅನುಮಾನಿಸತೊಡಗಿದಳು. ಯಾರ ಮಾತು ಹೇಗೆ ಕೇಳಿತೆಂದು ಬರೆದಿಡುವ ಲಾಗ್ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಅವರು ಎರಡು ಸಲ "ಧ್ವನಿ ಅಸ್ಪಷ್ಟ" ಎಂದು ಬರೆದಿದ್ದರು. ಮೂರನೆಯ ಸಲವೂ ಹಾಗಾದರೆ ಯಾರೇ ಆಗಲಿ ಸೆಟ್ಟಿನ ಮುಂದೆ ಕೂರುವಂತಿಲ್ಲ ಎಂದು ಎಲ್ಲರೆದುರು ಸಾರಿದ್ದರು.

ಸೆಟ್ಟಿನ ನಾಬುಗಳನ್ನೆಲ್ಲ ಅವರೇ ಹೇಳಿಕೊಟ್ಟವರು. ಇದು ಸ್ಟೇಷನ್ ಹುಡುಕೋದು, ಇದು ವಾಲ್ಯೂಮು, ಇದು ಗೊರಗೊರ ಸದ್ದು ಅಡಗಿಸೋದು. ಒಂದಕ್ಕೆ ಮಾತ್ರ ಕೆಂಪು ಟೇಪು ಅಂಟಿಸಿದ್ದರು. ಏನದು ಎಂದು ಕೇಳಿದರೆ, "ಮುಟ್ಟಂಗಿಲ್ಲ ಅಂದ್ರೆ ಮುಟ್ಟಂಗಿಲ್ಲ" ಎಂದು ಗದರುತ್ತಿದ್ದರು.

ಆ ಸೆಟ್ಟಿನ ಕೈಪಿಡಿಯನ್ನು ಇಂದು ಜಾವಗಲ್ ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಓದಿದಳು. ಟೇಪಿನ ಕೆಳಗಿದ್ದದ್ದು ಮೈಕ್ ಗೇನ್. ಮೈಕಿನಿಂದ ಬಂದ ದನಿಯನ್ನು ಸೆಟ್ಟು ಎಷ್ಟು ಹಿಗ್ಗಿಸಬೇಕೆಂದು ಹೇಳುವ ನಾಬು. ಮೈಕು ಬದಲಾದರೆ ಅದನ್ನೂ ಬದಲಿಸಬೇಕು. ಮಾತಾಡುವಾಗ ಮೀಟರಿನ ಮುಳ್ಳು ಗೆರೆ ದಾಟಿದರೆ ದನಿ ಒಡೆದುಹೋಗುತ್ತದೆ. ಬೆಳ್ಳಿ ಮೈಕು ಹಳೆಯದು, ಕ್ಷೀಣ. ನಾಬು ತುದಿಯವರೆಗೆ ತಿರುಗಿದ್ದದ್ದು ಅದಕ್ಕಾಗಿ. ಕರಿಯದು ಬ್ಯಾಟರಿ ಮೈಕು, ಭಾರಿ ಜೋರು. ತಾನು ಬಾಯಿ ತೆರೆದಾಗಲೆಲ್ಲ ಮುಳ್ಳು ಬಲತುದಿಗೆ ಹೋಗಿ ಬಡಿಯುತ್ತಿದ್ದುದು ಅವಳಿಗೆ ನೆನಪಾಯಿತು. ಗಂಟಲಿಗೆ ಏನೂ ಆಗಿರಲಿಲ್ಲ.

ಭಾನುವಾರ ಬೆಳಿಗ್ಗೆ, ನೆರೆ ಬಂದರೆ ರೇಡಿಯೊದಲ್ಲಿ ಸುದ್ದಿ ಮುಟ್ಟಿಸುವ ತಾಲೀಮು. ಇಂದು ಮೊದಲು ಟೇಪು ಮುಟ್ಟದೆಯೇ ಕರಿ ಮೈಕು ಹಿಡಿದು, ಹಗರೆಯ ಸೆಟ್ಟಿನಲ್ಲಿದ್ದ ಪುಟ್ಟರಾಜುವನ್ನು ಕರೆದಳು.

"ಒಡೀತಾ ಐತೆ ಮೇಡಂ, ಒಂದಕ್ಷರಾನೂ ತಿಳೀತಿಲ್ಲ" ಎಂದ ಆತ.

"ಮೂರಾಯ್ತು. ಎದ್ದೇಳು" ಎಂದು ಶಿವಪ್ರಕಾಶ್ ಪೆನ್ನು ತೆಗೆದರು. ಅವರ ಮುಖದಲ್ಲಿ ಖುಷಿಯೇ ಇತ್ತು.

ಇಂದು ಏಳಲಿಲ್ಲ. ಉಗುರಿನಿಂದ ಟೇಪು ಕಿತ್ತು ಎಸೆದಳು.

"ಏಯ್! ಯಾರನ್ನ ಕೇಳಿ ಮುಟ್ಟಿದ್ದು?"

ಅವಳು ಗುಂಡಿ ಒತ್ತಿ ಹಗರೆಯನ್ನು ಮತ್ತೆ ಕರೆಯುತ್ತಾ, ಮುಳ್ಳು ಗೆರೆಯೊಳಗೆ ಬರುವ ತನಕ ನಾಬನ್ನು ಇಳಿಸಿದಳು.

"ಅಬ್ಬ! ಪಕ್ಕದಾಗೇ ಕೂತು ಮಾತಾಡ್ದಂಗೈತೆ ಮೇಡಂ!" ಎಂದ ಪುಟ್ಟರಾಜು. ಜಾವಗಲ್ಲಿನವರೂ ಬೇಲೂರಿನವರೂ ಸ್ಪಷ್ಟ, ಸ್ಪಷ್ಟ ಎಂದರು. ಇಂದುವಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಹೇಮಾಶ್ರೀ ಒಮ್ಮೆ ಮೊಳೆಯನ್ನು ನೋಡಿ ತಲೆ ತಗ್ಗಿಸಿದಳು.

"ಸಾಕು, ಜರುಗು. ಅಧ್ಯಕ್ಷರ ಮಾತು ನಾನು ಹೇಳ್ಬೇಕು" ಎಂದು ಶಿವಪ್ರಕಾಶ್ ಬೆಳ್ಳಿ ಮೈಕನ್ನು ಸೆಟ್ಟಿಗೆ ಸಿಕ್ಕಿಸಿದರು. ಮಾತಿಗೆ ಮೊದಲು ಅವರ ಕೈ ನೇರ ಆ ನಾಬಿಗೇ ಹೋಯಿತು. ಇಂದುವಿನ ಬೆರಳು ಇನ್ನೂ ಅಲ್ಲೇ ಇತ್ತು.

"ಕೈ ತೆಗಿ. ನನ್ ಮೈಕಿಗೆ ಇಷ್ಟು ಸಾಲ್ದು."

"ಹಂಗಾದ್ರೆ ನನ್ನ ಮೈಕಿಗೆ ಅದು ಜಾಸ್ತಿ ಅಂತಾನೂ ಗೊತ್ತಿತ್ತು ಸರ್ ನಿಮಗೆ" ಎಂದಳು ಇಂದು.

ಶಿವಪ್ರಕಾಶರ ಕೈ ಅವಳ ಬೆರಳಿನಿಂದ ಒಂದಂಗುಲ ದೂರದಲ್ಲಿ ನಿಂತುಬಿಟ್ಟಿತ್ತು. ತಳ್ಳಬೇಕೆಂದರೆ ಮುಟ್ಟಬೇಕು. ಮುಟ್ಟಲಾರದೆ ಕೈ ಹಿಂದಕ್ಕೆ ತೆಗೆದು, ಹಾಗೇ ಮೈಕಿಗೆ ಬಾಯಿಟ್ಟು ಗಟ್ಟಿಯಾಗಿ ಭಾಷಣ ಶುರುಮಾಡಿದರು. ಕತ್ತಿನ ನರ ಉಬ್ಬಿದವು. ಮೀಟರಿನ ಮುಳ್ಳು ಮಾತ್ರ ತುಸುವೇ ಅಲುಗಿತು.

"ಅರಸೀಕೆರೆ, ಯಾರೋ ಬಾವಿಯೊಳಗೆ ಗೊಣಗ್ದಂಗೈತೆ. ಮೇಡಂ ಕೈಗೆ ಮೈಕ್ ಕೊಡ್ರಿ" ಎಂದಿತು ಹಗರೆ.

ಇಂದು ಕರಿ ಮೈಕನ್ನು ಅವರ ಕಡೆಗೆ ಚಾಚಿದಳು. "ಇದ್ರಲ್ಲಿ ಮಾತಾಡಿ ಸರ್, ಎಲ್ಲರಿಗೂ ಕೇಳುತ್ತೆ. ಬೇಡ್ವಾ? ಇಲ್ಲಿ ಎರಡು ಮೈಕ್ ಯಾಕಿದೆ ಅಂತ ಹೇಮಾಶ್ರೀ ಎದುರಿಗೆ ಹೇಳಿ. ನಿಮ್ಮ ಮೈಕಿಗೆ ನಾನೇ ನಾಬು ತಿರುಗಿಸಿಕೊಡ್ತೀನಿ."

ಅವರು ಮೈಕು ತೆಗೆದುಕೊಳ್ಳಲಿಲ್ಲ. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು.

ಇಂದು ಲಾಗ್ ಪುಸ್ತಕವನ್ನು ಎಳೆದುಕೊಂಡು, ಅಧ್ಯಕ್ಷರ ಹೆಸರಿನ ಮುಂದೆ ದುಂಡಗೆ ಬರೆದಳು: ಧ್ವನಿ ಅಸ್ಪಷ್ಟ.