ಲಿಫ್ಟ್ ಫೋಟೋಗಳು

"ಆ ಪ್ಲಗ್ಗಿಗೆ ಕೈ ಹಾಕ್ದೆ ಅಂದ್ರೆ ನೋಡು!"

ಮೇಜಿನ ಕೆಳಗೆ ಮಂಡಿಯೂರಿ, ಒಂದು ಕೈಯಲ್ಲಿ ಚಹಾದ ಕರೆಂಟ್ ಕೆಟಲ್ ಹಿಡಿದಿದ್ದ ತಮ್ಮ ಅಲ್ಲೇ ಕಲ್ಲಾದ. ಮುಂದಿನ ಕೋಣೆಯಲ್ಲಿ ತೀರಿಕೊಂಡ ಗಂಡನ ತಲೆಯ ಬಳಿ ಕೂತಿದ್ದ ಅಕ್ಕ ಎದ್ದು ಓಡಿಬಂದಿದ್ದಳು. ಬೆಳಗಿನಿಂದ ಅವಳು ಆಡಿದ ಮೊದಲ ಜೋರು ಮಾತು ಅದು.

"ಬಂದವರಿಗೆ ಒಂದು ಲೋಟ ಚಹಾ ಅಂತ ಅಕ್ಕ..."

"ಅಡಿಗೆಮನೇಲಿ ಒಲೆ ಇಲ್ವಾ? ಈ ಕಂಪ್ಯೂಟರ್ ಒಂದ್ಸಲ ಆಫ್ ಆದ್ರೆ ಮತ್ತೆ ಏಳಲ್ಲ ಅಂದಿದ್ರು ನಿಮ್ಮ ಭಾವ. ಒಳಗೆ ನಮ್ಮೂರಿದೆ ಕಣೋ."

ನಮ್ಮೂರು ಎಂದರೆ ಗಂಡ ಹೆಂಡತಿ ಇಬ್ಬರೂ ಸೇರಿ ರೈಲಿನ ಆಟದಲ್ಲಿ ಕಟ್ಟಿದ ಊರು. ಹಿಂದಿನ ರಾತ್ರಿ ಆ ಆಟದ ಮುಂದೆಯೇ ಗಂಡ ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚಿದ್ದ. ಆಗಿನಿಂದ ಕಂಪ್ಯೂಟರನ್ನು ಯಾರೂ ಆರಿಸಿರಲಿಲ್ಲ. ಪೆಟ್ಟಿಗೆಯೊಳಗಿಂದ ಹಲ್ಲಿ ಲೊಚಗುಟ್ಟಿದ ಹಾಗೆ ಸದ್ದು ಬರುತ್ತಿತ್ತು.

ಸುದ್ದಿ ಕೇಳಿ ಹೊರಟುಬಂದ ಮಗಳು ದಾರಿಯಲ್ಲೇ ಹೊಸ ಡಿಸ್ಕ್ ಕೊಂಡು ತಂದಿದ್ದಳು. ಅದನ್ನು ಸಿಕ್ಕಿಸಿ, 'ರೈಲು' ಎಂಬ ಫೋಲ್ಡರನ್ನು ನಕಲಿಗೆ ಹಚ್ಚಿದಳು.

"ಅವರನ್ನ ಒಯ್ಯೋ ಗಾಡಿ ಬರೋಷ್ಟರಲ್ಲಿ ಆಗುತ್ತಾ?" ಎಂದಳು ತಾಯಿ.

"ಹಳೇ ಡಿಸ್ಕ್ ಬದುಕಿದ್ರೆ ಆಗುತ್ತಮ್ಮ."

"ತಲೆ ನೆರೆತ ಗಂಡಸು ಮಕ್ಕಳಾಟ ಆಡ್ಕೊಂಡು ಕೂತ್ರೆ ಹೀಗೇ," ಎಂದ ತಮ್ಮ, ಕೆಟಲ್ ಒಯ್ಯುತ್ತ.

ಅವನ ಹೆಂಡತಿ ತಲೆಯಾಡಿಸಿದಳು. "ನಮ್ಮನೆಯವರು ನೋಡಿ, ಭಾನುವಾರ ಬಂದ್ರೆ ಸಾಕು, ವಾಕಿಂಗ್ ತಪ್ಪಿಸಲ್ಲ."

ಅವನಿಗೆ ಕೆಮ್ಮು ಬಂತು.

*

ಸತ್ತವನು ಲಿಫ್ಟ್ ಮೆಕ್ಯಾನಿಕ್. ನಿವೃತ್ತಿಯಾದ ವಾರದಲ್ಲೇ ಯಾರೋ ಮಾರುತ್ತಿದ್ದ ಹಳೇ ಕಂಪ್ಯೂಟರ್ ಹೊತ್ತು ತಂದ.

"ಇಷ್ಟು ವರ್ಷ ಮೇಲೆ ಕೆಳಗೆ ಓಡಾಡಿದ್ದಾಯ್ತು," ಎಂದ. "ಇನ್ಮೇಲೆ ಅಡ್ಡಡ್ಡ ಹೋಗ್ತೀನಿ."

ಅವನು ಹಾಕಿದ ಹಳಿಗಳು ತಿರುವಿನಲ್ಲಿ ಮುರಿದುಕೊಂಡು ರೈಲುಗಳು ನಿಂತುಬಿಡುತ್ತಿದ್ದವು. ಹೊಲಿಗೆ ಅಂಗಡಿ ನಡೆಸುವ ಹೆಂಡತಿ ಅವನ ಹೆಗಲ ಮೇಲಿಂದ ಬಗ್ಗಿ ನೋಡಿದಳು. "ಅಷ್ಟು ಬಿಗಿಯಾಗಿ ತಿರುಗಿಸ್ತಾರಾ? ರವಿಕೆಯ ಕಂಕುಳು ಹೀಗೆ ಕತ್ತರಿಸಿದ್ರೆ ನನ್ನ ಗಿರಾಕಿ ಕೈಯೆತ್ತೋ ಹಾಗೇ ಇಲ್ಲ. ಸರೀರಿ ಆ ಕಡೆ." ಅಂದಿನಿಂದ ನೇರ ಹಳಿ ಅವನದು, ತಿರುವು ಅವಳದು.

ಡಿಸ್ಕ್ ಸದ್ದು ಮಾಡತೊಡಗಿದಾಗ ಅವನು ಪೆಟ್ಟಿಗೆಗೆ ಕಿವಿಯಿಟ್ಟು ಕೂತ. ಅವನ ಲೆಕ್ಕದಲ್ಲಿ ಅದೂ ಒಂದು ಕಟ್ಟಡ, ಫೋಲ್ಡರುಗಳು ಬಾಡಿಗೆದಾರರು. ಸದ್ದು ಬಂದ ಮಹಡಿಯಿಂದ ಅವರನ್ನು ಎಬ್ಬಿಸಿ ಬೇರೆ ಮಹಡಿಗೆ ಕಳಿಸುತ್ತಿದ್ದ.

"ಜನ ಜಾಸ್ತಿ ಹತ್ತೋ ಲಿಫ್ಟೇ ಮೊದಲು ಕೆಡೋದು ಕಣೆ."

"ಹಾಗಾದ್ರೆ ನಮ್ಮೂರನ್ನ ಯಾರೂ ಹತ್ತದ ಕಡೆ ಇಡಿ."

"ಅಂಥ ಜಾಗ ಒಂದಿದೆ," ಎಂದು ಅವನು ತನ್ನಷ್ಟಕ್ಕೇ ನಕ್ಕಿದ್ದ.

*

ನಕಲು ಮುಗಿಯಿತು. ಮಗಳು ತನ್ನ ಲ್ಯಾಪ್‌ಟಾಪಿನಲ್ಲಿ ಆಟ ತೆರೆದಳು. ಪರದೆಯ ತುಂಬ ಬರೀ ಹಸಿರು ಬಯಲು. ಹೊಸ ಊರು ಕಟ್ಟಬೇಕೇ ಎಂದು ಆಟ ಕೇಳಿತು.

ತಾಯಿಯ ಮುಖ ಸಣ್ಣದಾಯಿತು. "ಎಲ್ಲಾ ಹೋಯ್ತಾ?"

"ಆಟ ಬಂತಮ್ಮ, ಊರು ಬರಲಿಲ್ಲ. ಆಟ ಎಲ್ಲಿ ಬೇಕಾದ್ರೂ ಸಿಗುತ್ತೆ. ನೀವು ಕಟ್ಟಿದ್ದನ್ನ ಅಪ್ಪ ಬೇರೆಲ್ಲೋ ಎತ್ತಿಟ್ಟಿದ್ದಾರೆ."

ಒಂದೊಂದು ಫೋಲ್ಡರ್ ತೆರೆಯುವುದಕ್ಕೂ ಯುಗ ಹಿಡಿಯುತ್ತಿತ್ತು. ಲೊಚಗುಟ್ಟುವುದು ಹೆಚ್ಚಾಯಿತು. ಮುಂದಿನ ಕೋಣೆಯಲ್ಲಿ ಕೂತಿದ್ದವರು ಒಬ್ಬೊಬ್ಬರಾಗಿ ಬಂದು ಹಿಂದೆ ನಿಂತರು.

"ಇನ್ನು ಉಳಿದಿರೋದು 'ಲಿಫ್ಟ್ ಫೋಟೋಗಳು'," ಎಂದಳು ಮಗಳು. "ಇದನ್ನ ಬಿಟ್ಟುಬಿಡೋಣ."

ಬಿಡಿ, ಬಿಡಿ ಎಂದರು ಎಲ್ಲರೂ. ಬಂಧುಬಳಗದಲ್ಲಿ ಅವನ ಲಿಫ್ಟ್ ಆಲ್ಬಮ್ಮಿನ ಮುಂದೆ ಸಿಕ್ಕಿಬಿದ್ದು ಆಕಳಿಸದವರೇ ಇರಲಿಲ್ಲ.

"ಅದನ್ನೇ ತೆಗಿ," ಎಂದಿತು ಹಿಂದಿನಿಂದ ಒಂದು ಸಣ್ಣ ದನಿ. ತಮ್ಮನದು. ಎಲ್ಲರೂ ತಿರುಗಿದರು.

"ಅದರಲ್ಲಿ ಫೋಟೋ ಇಲ್ಲಮ್ಮ. ಯಾರೂ ತೆಗೆದು ನೋಡಲ್ಲ ಅಂತ ಭಾವ ಆ ಹೆಸರಿಟ್ಟಿದ್ರು. ಒಳಗೆ... ನನ್ನ ಕಾರ್ ರೇಸ್ ಇದೆ."

"ನಿನ್ನ ಏನು?" ಎಂದಳು ಅಕ್ಕ.

"ಭಾನುವಾರ ನೀನು ಅಂಗಡಿಗೆ ಹೋದ್ಮೇಲೆ ಬರ್ತಿದ್ದೆ. ವಾರಕ್ಕೊಂದೇ ಸಲ ತೆಗೆಯೋ ಫೋಲ್ಡರ್, ಸವೆದಿಲ್ಲ, ನಮ್ಮೂರನ್ನ ಅಲ್ಲೇ ಇಡ್ತೀನಿ ಅಂದಿದ್ರು ಒಂದ್ಸಲ."

"ಮತ್ತೆ ವಾಕಿಂಗು?" ಎಂದಳು ಅವನ ಹೆಂಡತಿ.

"ಇಲ್ಲೀತನಕ ನಡ್ಕೊಂಡೇ ಬರ್ತಿದ್ದೆ ಕಣೆ."

"ಅದಕ್ಕೇ ಆ ಹೊಟ್ಟೆ ಒಂದು ಬೆರಳೂ ಇಳೀಲಿಲ್ಲ!"

ಯಾರೋ ಕಿಸಕ್ಕೆಂದರು. ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದಳು, ತಡೆಯಲಾಗಲಿಲ್ಲ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದು, ಅದು ಯಾವ ನೀರೆಂದು ಅವಳಿಗೇ ತಿಳಿಯದೆ, ತಮ್ಮನ ಭುಜಕ್ಕೆ ಆತುಕೊಂಡಳು.

ಫೋಲ್ಡರ್ ತೆರೆಯಿತು. ಒಳಗೆ ಎರಡೇ: ಕಾರು, ಮತ್ತು ಊರು.

"ಮಾಮ, ಎರಡೂ ಆಗೋದು ಅನುಮಾನ."

ತಮ್ಮ ಒಂದು ಗಳಿಗೆ ಪರದೆಯನ್ನೇ ನೋಡಿದ. "ಅಕ್ಕಂದು ಹಾಕು. ನನ್ನ ಕಾರು ಹೋದ್ರೆ ಹೋಗ್ಲಿ."

ಊರು ದಾಟಿತು. ಕಾರು ಹೊರಡುವಷ್ಟರಲ್ಲಿ ಪೆಟ್ಟಿಗೆ ಒಮ್ಮೆ ಕಿರ್ರೆಂದು ಸುಮ್ಮನಾಯಿತು. ತಮ್ಮನ ಹೆಂಡತಿ ಗಂಡನ ಬೆನ್ನು ಸವರಿದಳು. "ಹೋಗ್ಲಿ ಬಿಡಿ. ಹೊಸದಾಗಿ ಶುರು ಮಾಡಿ. ನಾನೂ ಬರ್ತೀನಿ."

ಶವದ ಗಾಡಿಯ ಡ್ರೈವರ್ ಬಾಗಿಲಲ್ಲಿ ತಲೆ ತೂರಿಸಿದ. "ತಡ ಆಗ್ತಿದೆ, ಎತ್ತೋಣವಾ?"

ಯಾರೂ ತಿರುಗಲಿಲ್ಲ. ಲ್ಯಾಪ್‌ಟಾಪಿನಲ್ಲಿ ಊರು ಎದ್ದಿತ್ತು. ದೀಪಗಳು, ಮನೆಗಳು, ಓಡುವ ರೈಲುಗಳು. ಹೊಳೆಯಾಚೆ ತೀರಿಕೊಂಡವನು ಕೊನೆಯದಾಗಿ ಹಾಕಿದ ಹಳಿ ಗುಡ್ಡದ ಬುಡದವರೆಗೆ ನೇರ ಬಂದು ನಿಂತಿತ್ತು. ಅದರ ಮೇಲೆ ಒಂದು ರೈಲು ಮುಂದೆ ದಾರಿಯಿಲ್ಲದೆ ಕಾಯುತ್ತಿತ್ತು. ಅಲ್ಲಿಂದ ಮುಂದೆ ತಿರುವು.

ಅಕ್ಕ ಕಣ್ಣೊರೆಸಿಕೊಂಡು ಮೌಸ್ ಹಿಡಿದಳು.

"ಅಮ್ಮಾ, ಆ ಕಡೆ ಏರು ಜಾಸ್ತಿ," ಎಂದ ಡ್ರೈವರ್, ಜನರ ನಡುವೆ ನುಸುಳಿ ಮುಂದೆ ಬಂದಿದ್ದವನು. "ಗಾಡಿ ಎಳೆಯಲ್ಲ."

"ಎಳೆಯುತ್ತೆ. ಸುಮ್ನೆ ನೋಡ್ತಿರು."

ಹೊರಗೆ ಬೀದಿಯಲ್ಲಿ ಶವದ ಗಾಡಿ ಹಿಂಬಾಗಿಲು ತೆರೆದುಕೊಂಡು, ಡ್ರೈವರಿಲ್ಲದೆ, ಗುರುಗುಟ್ಟುತ್ತ ನಿಂತಿತ್ತು. ಮನೆಯೊಳಗಿಂದ ಒಮ್ಮೆಲೇ ಚಪ್ಪಾಳೆ ಕೇಳಿಸಿತು.