ಒಂದು ಗೇಣು ಹೊಸ್ತಿಲು

"ಏಳ ಬೇ ಹೊಸ್ತಲ ಮ್ಯಾಲಿಂದ! ಲಕ್ಷ್ಮಿ ತಲಿ ಮ್ಯಾಲೆ ಕುಂಡಿ ಊರಿ ಕುಂತಿಯಲ್ಲ, ನಾಚಿಕಿ ಇಲ್ಲೇನ ಕುಂಟ ರಂಡೆ?"

ಮನೆಯೊಡತಿ ಕೆಂಚವ್ವ ಅರಿಶಿನದ ಬಟ್ಟಲು ಹಿಡಿದು ಅಂಗಳದ ನಡುವೆ ನಿಂತುಬಿಟ್ಟಳು. ಏಳು ಅಂದರೆ ಭಾಗ್ಯಾ ಏಳುವುದು ಎಲ್ಲಿಂದ ಬಂತು? ಇಪ್ಪತ್ನಾಲ್ಕು ವರ್ಷವಾದರೂ ಸೊಂಟದ ಕೆಳಗೆ ಬಲವೆಂಬುದನ್ನೇ ಕಾಣದವಳು. ಎರಡೂ ಕೈ ಊರಿ, ಮೈಯನ್ನು ಹೊಸ್ತಿಲ ಮೇಲೆ ಎತ್ತಿಟ್ಟು, ಒಂದು ಕಾಲನ್ನು ಕೈಯಿಂದಲೇ ಹಿಡಿದು ಹೊರಗೆ ಹಾಕಿದ್ದಳು. ಇನ್ನೊಂದು ಕಾಲು ಖೋಲಿಯೊಳಗೇ ಉಳಿದಿತ್ತು. ಬಾಡಿಗೆಗೆ ಬಂದು ಮೂರನೇ ಬೆಳಗು ಅದು. ಸಂಡಾಸಕ್ಕೆ ಅವಸರವಾಗಿತ್ತು.

"ಆಯಿ, ಕುಂತ ದಾಟೂದ ಬಿಟ್ರ ನನಗ ಬ್ಯಾರೆ ದಾರಿ ಇಲ್ರಿ."

"ಹಂಗಾರ ದಾಟಬ್ಯಾಡ."

ಒಳಗಿನಿಂದ ಕೆಂಚವ್ವನ ಮಗ ಬಾಬಾಸಾಹೇಬ ಬಂದ. ಎಂಟು ಎಕರೆ ದ್ರಾಕ್ಷಿ ತೋಟದ ಧಣಿ, ವಯಸ್ಸು ಐವತ್ತರ ಆಚೆ.

"ಬೈಬ್ಯಾಡ ಯವ್ವಾ. ಪಾಪ, ಮಗಳ ಇದ್ದಂಗ ಅದಾಳ. ಏ ಭಾಗ್ಯಾ, ಇನ್ನ ಮ್ಯಾಲೆ ದಾಟೂದಿದ್ರ ನನ್ನ ಕರಿ. ನಾ ಎತ್ತಿ ದಾಟಸ್ತೀನಿ."

ಕಂಕುಳಿಗೆ ಕೈ ಹಾಕಿ ಎತ್ತಿದ. ಬಾಗಿಲ ಹೊರಗಿದ್ದ ಗಾಲಿ ಕುರ್ಚಿಯಲ್ಲಿ ಕೂರಿಸಿದ. ಕೂರಿಸಿದ ಮೇಲೂ ಒಂದು ಕೈ ಇರಬಾರದ ಕಡೆ ಉಳಿಯಿತು. ಕೆಂಚವ್ವ ಆಗ ಹೊಸ್ತಿಲು ತೊಳೆದು ಅರಿಶಿನ ಬಳಿಯುವುದರಲ್ಲಿ ಮಗ್ನಳಾಗಿದ್ದಳು.

ಅಂದಿನಿಂದ ಭಾಗ್ಯಾ ನೀರು ಕುಡಿಯುವುದನ್ನು ಕಡಿಮೆ ಮಾಡಿದಳು. ಕುಡಿದರೆ ಹೋಗಬೇಕು, ಹೋಗಬೇಕೆಂದರೆ ಅವನನ್ನು ಕರೆಯಬೇಕು. ಕೈಯಿಂದ ತಿರುಗಿಸುವ ಹೊಲಿಗೆ ಮಷೀನಿನ ಮುಂದೆ ಕೂತು ಊರ ಹೆಣ್ಣುಮಕ್ಕಳ ಕುಪ್ಪಸ ಹೊಲಿಯುವಾಗ ಅಂಗಳದಲ್ಲಿ ಅವನ ಚಪ್ಪಲಿ ಸದ್ದಾದರೆ ಸಾಕು, ಮಷೀನು ನಿಲ್ಲಿಸಿ ಕಿವಿಗೊಡುತ್ತಿದ್ದಳು. ಅಂಜಿಕೆ ಅವಳ ಜೊತೆಗೇ ಉಂಡು ಅವಳ ಜೊತೆಗೇ ಮಲಗುತ್ತಿತ್ತು.

ಖೋಲಿ ಬಿಟ್ಟು ಹೋಗು ಅಂತೀರಾ? ಐಗಳಿ ಹಳ್ಳಿಯ ಅವಳ ಅವ್ವ ಅಪ್ಪ ಕುರಿ ಹಿಂಡಿನ ಹಿಂದೆ ವರ್ಷದ ಎಂಟು ತಿಂಗಳು ಊರೂರು ತಿರುಗುವವರು. ಹಿಂಡಿನ ಜೊತೆ ತೆವಳಲಾಗದ ಮಗಳು ಅಥಣಿಗೆ ಬಂದು ನಾಲ್ಕು ಓಣಿ ಹುಡುಕಿದ್ದಳು. ಒಬ್ಬಾಕೆ ಮೆಟ್ಟಿಲ ಮೇಲಿಂದಲೇ, "ಮ್ಯಾಲಿನ ಖೋಲಿ ಖಾಲಿ ಐತಿ, ಹತ್ತಿ ಬಾ ನೋಡೂಣು" ಎಂದು ನಕ್ಕಿದ್ದಳು. ಇನ್ನೊಬ್ಬ, "ಸಂಡಾಸ ಹೊಲಸ ಮಾಡ್ತಿ" ಎಂದು ಬಾಗಿಲು ಹಾಕಿಕೊಂಡಿದ್ದ. ಮನೆ ಹಂಚುವ ಕಚೇರಿಗೂ ಹೋಗಿದ್ದಳು. ಸಾಹೇಬ ಫೈಲು ತಿರುವಿದ.

"ಅಂಗವಿಕಲರ ಕೋಟಾದಾಗ ನಿನಗ ಮನಿ ಮಂಜೂರ ಆಗೇತೆಲ್ಲವಾ. ಮೂರನೇ ಮಜಲಾ."

"ಲಿಫ್ಟ ಐತೇನ್ರಿ?"

"ಪ್ಲ್ಯಾನದಾಗ ಐತಿ."

"ನಾ ಪ್ಲ್ಯಾನದಾಗ ಇರಾಕ ಬರೂದಿಲ್ಲಲ್ರಿ ಸಾಹೇಬ್ರ."

"ಕಾಲ ಸತ್ರೂ ನಾಲಿಗಿ ಜೋರ ಐತಿ ನೋಡ. ಬ್ಯಾಡಂದ್ರ ಬ್ಯಾಡಂತ ಬರದ ಕೊಟ್ಟ ನಡಿ."

ಬರೆದುಕೊಡದೆ ಬಂದಿದ್ದಳು. ಆಮೇಲೆ ಸಿಕ್ಕ ನೆಲಮಟ್ಟದ ಖೋಲಿ ಇದೊಂದೇ. ನೆಲಮಟ್ಟ ಅಂದರೂ ಹೊಸ್ತಿಲು ಮಾತ್ರ ಇಟ್ಟಂಗಿ ಕಟ್ಟಿ, ಮೇಲೆ ಕರಿ ಫರಸಿ ಕಲ್ಲು ಕೂರಿಸಿ, ಒಂದು ಗೇಣು ಎತ್ತರ.

ಎರಡು ವಾರ ಕಳೆಯಿತು. ಗಾರೆ ಕೆಲಸದ ಗೌಂಡಿ ತುಕಾರಾಮ ಅಂಗಳದ ಗೋಡೆಗೆ ಸಿಮೆಂಟಿನ ಗಿಲಾವು ಮಾಡಲು ಬಂದ. ಭಾಗ್ಯಾ ಖೋಲಿಯಿಂದಲೇ ಸಣ್ಣ ದನಿಯಲ್ಲಿ ಕೇಳಿದಳು.

"ಮಾಮಾ, ಈ ಹೊಸ್ತಲ ತಗದ ಚೂರ ಇಳಿಜಾರ ಮಾಡಿ ಕೊಡ್ರೆಲ್ಲಾ. ಕುರ್ಚಿ ಒಳಗ ಬರತೈತಿ."

ಕೆಂಚವ್ವನ ಕಿವಿ ಇಂಥದ್ದಕ್ಕೆ ಚುರುಕು. "ಇಳಿಜಾರ ಮಾಡಿದ್ರ ಲಕ್ಷ್ಮಿ ಜಾರಿ ಹೊರಗ ಹೋಗ್ತಾಳ! ತುಕಾರಾಮಾ, ಕೈ ಹಚ್ಚಿದೆಂದ್ರ ಕೈ ಮುರಿಸ್ತೀನಿ."

ತುಕಾರಾಮ ತಲೆ ತಗ್ಗಿಸಿದ. "ಹೊಸ್ತಲಕ್ಕ ಉಳಿ ಹಚ್ಚಿದಾಂವಗ ಈ ಊರಾಗ ಯಾರೂ ಕೆಲಸಾ ಕೊಡೂದಿಲ್ಲ ತಂಗಿ."

ಮಧ್ಯಾಹ್ನ ಊಟವಾದ ಮೇಲೆ ಬಾಬಾಸಾಹೇಬ ಬಂದು ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತ. ಬಾಯಲ್ಲಿ ಎಲೆ ಅಡಿಕೆ ಇತ್ತು.

"ನಾಳೆ ನಮ್ಮವ್ವ, ನನ್ನ ಹೇಣ್ತಿ ಇಬ್ಬರೂ ಪಂಢರಪುರಕ್ಕ ಹೊಂಟಾರ. ಮೂರ ದಿನ. ಮನ್ಯಾಗ ನಾ ಒಬ್ಬನ." ಅವಳ ಕೆನ್ನೆ ತಟ್ಟಿದ. "ನೀ ಕರೀಬೇಕಂತನೂ ಇಲ್ಲ. ನಾನ ಬರ್ತೀನಿ."

ಅವನು ಎದ್ದು ಹೋದ ಮೇಲೂ ಭಾಗ್ಯಾಳ ಕೈ ಮಷೀನಿನ ಹಿಡಿಕೆಯ ಮೇಲೇ ಇತ್ತು. ತಿರುಗಿಸಲು ಆಗಲಿಲ್ಲ. ಅವ್ವನಿಗೆ ಫೋನು ಹಚ್ಚಿದಳು. ಹಿಂಡು ಕಾಗವಾಡದ ಕಡೆ ಇತ್ತು. ಕುರಿಗಳ ಗದ್ದಲದ ನಡುವೆ ಅವ್ವ ಸಾವಕ್ಕನ ದನಿ ಕೇಳಿತು.

"ಈಗ ಕುರಿ ಈಯಾಕತ್ತಾವ ಮಗಳ. ಎಂಟ ದಿನ ತಡಿ, ಅಪ್ಪನ್ನ ಕಳಸ್ತೀನಿ. ಯಾಕ, ಏನರ ತ್ರಾಸ ಐತೇನು? ಛಲೋ ಮಂದಿ ಅಂದಿದ್ದೆಲ್ಲ?"

"ಹೂಂ ಯವ್ವಾ. ಛಲೋ ಮಂದಿ."

ಮೂರರ ಹೊತ್ತಿಗೆ ತುಕಾರಾಮ ಚಹಾಕ್ಕೆ ಹೊರಟ. ಹೊರಡುವ ಮುಂಚೆ ಉಳಿ, ಸುತ್ತಿಗೆ ಇದ್ದ ಪುಟ್ಟಿಯನ್ನು ಅವಳ ಬಾಗಿಲ ಪಕ್ಕದಲ್ಲಿಟ್ಟ. ಬೇಕೆಂದೇ ಇಟ್ಟನೋ ಏನೋ, ಆಮೇಲೆ ಕೇಳಿದವರಿಗೆಲ್ಲ ಮರೆತು ಬಿಟ್ಟು ಹೋದೆ ಅಂದ.

ಭಾಗ್ಯಾ ಹೊಟ್ಟೆಯ ಮೇಲೆ ತೆವಳಿ ಕೈಚಾಚಿದಳು. ಮೊದಲ ಏಟು ಜಾರಿ ಹೆಬ್ಬೆರಳಿಗೆ ಬಿತ್ತು. ಅಳು ಬಂತು, ಈ ಏಟಿನಿಂದ ಇವತ್ತೇ ತಾನು ಬೀದಿಗೆ ಬೀಳುವುದು ಗ್ಯಾರಂಟಿ ಅಂತಲೂ ಗೊತ್ತಿತ್ತು. ಎರಡನೆಯದು ಫರಸಿಯ ನಡುಮಧ್ಯೆ ಬಿತ್ತು. ಹುಟ್ಟಿದಾಗಿನಿಂದ ಇಡೀ ಮೈ ಎಳೆದ ತೋಳು ಅವು. ಆರನೇ ಏಟಿಗೆ ಫರಸಿ ಬಿರಿಯಿತು. ಅರಿಶಿನ ಕುಂಕುಮದ ಸಮೇತ ಇಟ್ಟಂಗಿ ಕಿತ್ತು ಬಂದವು.

"ಅಯ್ಯಯ್ಯೋ, ಮನಿ ಹಾಳ ಮಾಡಿದ್ಲೋ ಹಡಬಿಟ್ಟಿ!" ಕೆಂಚವ್ವ ಬಾಯಿ ಬಡಿದುಕೊಂಡಳು. ಬಾಬಾಸಾಹೇಬ ಓಡಿ ಬಂದವನೇ ಭಾಗ್ಯಾಳ ರಟ್ಟೆಗೆ ಕೈ ಹಾಕಹೋದ. ಭಾಗ್ಯಾ ಸುತ್ತಿಗೆ ಎತ್ತಿದಳು.

"ಕೈ ತಗಿ. ಎರಡ ವಾರದಿಂದ ನನ್ನ ಎಲ್ಲೆಲ್ಲಿ ಹಿಡದ ಎತ್ತಾಕತ್ತಿ, ನಿಮ್ಮವ್ವಗ ಹೇಳ್ಲೇನ?"

ಕೆಂಚವ್ವ ಮಗನ ಮುಖ ನೋಡಿದಳು. ಮಗ ನೆಲ ನೋಡಿದ. ಅವಳಿಗೆ ಎಲ್ಲವೂ ತಿಳಿಯಿತು. ತಿಳಿದ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಇಕಿ ಸಾಮಾನೆಲ್ಲಾ ಹೊರಗ ಒಗಿ" ಎಂದಳು.

ಭಾಗ್ಯಾ ಕುರ್ಚಿಯನ್ನು ಎಳೆದುಕೊಂಡಳು. ಅದರ ಗಾಲಿಗಳು ಮೊದಲ ಸಲ ಖೋಲಿಯೊಳಗೆ ಬಂದವು. ಅದರ ಮೇಲೆ ಹತ್ತಿ, ಸುತ್ತಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಇಟ್ಟಂಗಿ ಚೂರುಗಳ ಮೇಲೆ ಕಟಕಟ ಗಾಲಿ ಉರುಳಿಸುತ್ತ ಅಂಗಳ ದಾಟಿ ನೇರ ಸಂಡಾಸಕ್ಕೆ ಹೋದಳು. ಅದಕ್ಕೆ ಯಾರೂ ಹೊಸ್ತಿಲು ಕೂರಿಸಿರಲಿಲ್ಲ. ಲಕ್ಷ್ಮಿಗೆ ಅಲ್ಲಿ ಕೆಲಸವಿಲ್ಲ. ಕುರ್ಚಿ ಹೊರಗೆ ಬಿಟ್ಟು ಒಳಗೆ ತೆವಳಿ ಚಿಲಕ ಹಾಕಿಕೊಂಡಳು.

ಹೊಲಿಗೆ ಮಷೀನು ಬೀದಿಗೆ ಬಿದ್ದ ಸದ್ದು ಕೇಳಿತು. ಆಮೇಲೆ ಡಬರಿ, ಆಮೇಲೆ ಟ್ರಂಕು. ಯಾರೋ ಅವಳ ಕುರ್ಚಿಯನ್ನೂ ಎಳೆದುಕೊಂಡು ಹೋದರು. ಸಂಡಾಸದ ಬಾಗಿಲನ್ನು ಧಡಧಡ ಬಡಿಯತೊಡಗಿದರು. ಭಾಗ್ಯಾಳಿಗೆ ಹೆದರಿಕೆ ಹೋಗಿರಲಿಲ್ಲ. ಸುತ್ತಿಗೆಯನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದಳು, ಚಿಲಕ ತೆಗೆಯಲಿಲ್ಲ. ಮೊದಲು ನಿಧಾನವಾಗಿ, ಹೊಟ್ಟೆ ಹಗುರಾಗುವ ತನಕ, ಉಚ್ಚೆ ಹೊಯ್ದಳು.